ಪೆನ್ಸಿಲ್ ಗುರುತಿನ ಮೊಟ್ಟೆ

ಹಲ್ಲಿ ಲೊಚಗುಟ್ಟಿದರೆ ನೆಲ ಕುಟ್ಟಿ ‘ಕೃಷ್ಣ ಕೃಷ್ಣ’ ಅನ್ನುವ ಮನೆಯಲ್ಲಿ ಬೆಳೆದವನು ನಾನು. ಆಸ್ಟಿನ್‌ನಲ್ಲಿರುವ ಮಗನ ಮನೆಗೆ ಹೋಗಿ ಹಲ್ಲಿಯೊಂದರ ಬಸಿರು ನೋಡಿಕೊಳ್ಳುವ ಕೆಲಸಕ್ಕೆ ಬಿದ್ದೆ. ಮೊಮ್ಮಗ ಸಾಕಿದ ಲೆಪರ್ಡ್ ಗೆಕೋ ಅದು. ಮೈತುಂಬ ಚಿರತೆಯ ಚುಕ್ಕೆ. ನಮ್ಮ ಮನೆಹಲ್ಲಿಗಿಲ್ಲದ ಕಣ್ರೆಪ್ಪೆ ಇದಕ್ಕುಂಟು, ಗೋಡೆ ಹತ್ತಲು ಮಾತ್ರ ಬಾರದು. ಮೂಲ ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಕಲ್ಲುಗಾಡು. ಹಾಗೆ ನೋಡಿದರೆ ನಮ್ಮ ಕಡೆಯದೇ!

ಅಂಗೈ ಮೇಲೆ ಎತ್ತಿ ಕೆಳಗಿನಿಂದ ನೋಡಿದರೆ ಹೊಟ್ಟೆಯ ತೆಳುಚರ್ಮದಾಚೆ ಎರಡು ಬಿಳಿ ಉಂಡೆಗಳು ಮಸುಕಾಗಿ ಕಾಣುತ್ತಿದ್ದವು. ಚಿಪ್ಪಿಗೆ ಸುಣ್ಣ ಬೇಕಲ್ಲ. ತಿನ್ನುವ ಹುಳದಲ್ಲಿ ಸಾಲದಿದ್ದರೆ ತಾಯಿಯ ಮೂಳೆಯೇ ಕರಗುತ್ತದಂತೆ. ಹಾಗಾಗಿ ದಿನವೂ ಜೀವಂತ ಕ್ರಿಕೆಟ್ ಹುಳಗಳನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡುತ್ತಿದ್ದೆ. ಮಡಿಯ ನನ್ನಮ್ಮ ಕಂಡಿದ್ದರೆ ನನ್ನನ್ನು ಒಳಗೆ ಸೇರಿಸುತ್ತಿರಲಿಲ್ಲ.

ಒಂದು ರಾತ್ರಿ ಒದ್ದೆ ಪಾಚಿಯ ಡಬ್ಬಿಯಲ್ಲಿ ಗುಂಡಿ ತೋಡಿ ಎರಡು ಮೊಟ್ಟೆ ಇಟ್ಟಳು. ತೊಗಲಿನಂಥ ಮೆತ್ತನೆಯ ಚಿಪ್ಪು. ಮುಚ್ಚಿ ಹೊರಟವಳು ಮತ್ತೆ ಅತ್ತ ತಿರುಗಿ ನೋಡಲಿಲ್ಲ. ಕೋಳಿಯಾದರೆ ದಿನಕ್ಕೆ ಹತ್ತಾರು ಸಲ ಮೊಟ್ಟೆ ಹೊರಳಿಸುತ್ತದೆ. ಇಲ್ಲಿ ಹೊರಳಿಸಿದರೆ ಒಳಗಿನ ಜೀವ ಸಾಯಬಹುದು, ಅದು ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಂಡು ಬೆಳೆಯುವಂಥದ್ದು. ಮೇಲೆ ಯಾವುದು ಎಂದು ಮರೆಯದಂತೆ ಮೊಮ್ಮಗ ಪೆನ್ಸಿಲ್ಲಿನಲ್ಲಿ ಎರಡಕ್ಕೂ ಗೀಟು ಎಳೆದ.

ಆಮೇಲೆ ಕೇಳಿದ: “ತಾತಾ, ಗರ್ಲ್ ಬೇಕಾ, ಬಾಯ್ ಬೇಕಾ?”

ತಮಾಷೆಯಲ್ಲ. ಈ ಹಲ್ಲಿಯ ಲಿಂಗ ನಿಶ್ಚಯವಾಗುವುದು ಕಾವಿನಿಂದ. 26 ಡಿಗ್ರಿ ಸೆಲ್ಸಿಯಸ್ ಇಟ್ಟರೆ ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. 32-33ರ ಹೊತ್ತಿಗೆ ಬಹುಪಾಲು ಗಂಡು. ಇನ್ನೂ ಎರಡು ಡಿಗ್ರಿ ಏರಿಸಿ, ಮತ್ತೆ ಹೆಣ್ಣೇ! ಮೊಟ್ಟೆಯ ಡಬ್ಬಿ ಇಟ್ಟ ಕಾವುಪೆಟ್ಟಿಗೆಯ ಗುಂಡಿ ನನ್ನ ಬೆರಳ ತುದಿಯಲ್ಲಿತ್ತು. ಭ್ರೂಣದ ಲಿಂಗ ಪತ್ತೆ ಅಪರಾಧವೆಂದು 1994ರಲ್ಲಿ ಕಾಯ್ದೆ ಮಾಡಿ, ಸ್ಕ್ಯಾನಿಂಗ್ ಕೋಣೆಯ ಬಾಗಿಲಿಗೆಲ್ಲ ಬೋರ್ಡು ಹಾಕಬೇಕಾಗಿ ಬಂದ ದೇಶದವನು ನಾನು. ಬೆರಳು ಹಿಂದಕ್ಕೆ ಬಂತು. ನಡುವೆ ಎಲ್ಲೋ, 29ರ ಆಸುಪಾಸಿಗೆ ನಿಲ್ಲಿಸಿದೆವು. ಅದೂ ಒಂದು ಆಯ್ಕೆಯೇ ತಾನೇ ಅಂತ ರಾತ್ರಿ ಮಲಗಿದ ಮೇಲೆ ಹೊಳೆಯಿತು.

ಎರಡು ವಾರದ ನಂತರ ಕತ್ತಲಲ್ಲಿ ಮೊಬೈಲಿನ ಬೆಳಕು ಹಿಡಿದೆವು. ಒಂದರೊಳಗೆ ಬರೀ ಹಳದಿ. ಅದು ಬೂಷ್ಟು ಹಿಡಿದು ಕುಸಿಯಿತು. ಇನ್ನೊಂದರೊಳಗೆ ಅರಳಿ ಎಲೆಯ ನರಗಳ ಹಾಗೆ ಕೆಂಪು ಗೆರೆಗಳು. ಹುಡುಗ ಉಸಿರು ಬಿಗಿಹಿಡಿದಿದ್ದ. ನಾನೂ.

ಐವತ್ತು ದಿನ ದಾಟಿದ ಮೇಲೆ ಒಂದು ಸಂಜೆ ಚಿಪ್ಪು ಬೆವರಿತು. ಬೆಳಗ್ಗೆ ನೋಡಿದರೆ ಬ್ಲೇಡಿನಲ್ಲಿ ಗೀರಿದಂತೆ ಸೀಳು, ಅದರೊಳಗಿಂದ ಮೂತಿಯಷ್ಟೇ ಹೊರಗೆ. ಎಳೆಯಬೇಕೆಂದು ಕೈ ತುರಿಸುತ್ತಿತ್ತು. ಎಳೆಯಕೂಡದು. ಉಸಿರಾಡುತ್ತ ಗಂಟೆಗಟ್ಟಲೆ ಹಾಗೇ ಕೂತಿತ್ತು, ಹೊರಬರುವ ಅವಸರವೇ ಇಲ್ಲದೆ.

ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಕಪ್ಪು-ಹಳದಿ ಪಟ್ಟೆಯ, ಬೆರಳುದ್ದದ ಮರಿ ಪಾಚಿಯ ಮೇಲಿತ್ತು. ಪಕ್ಕದಲ್ಲಿ ಮುದುಡಿದ ಖಾಲಿ ಚಿಪ್ಪು, ಅದರ ಮೇಲೆ ಮಾಸದೆ ಉಳಿದಿದ್ದ ಪೆನ್ಸಿಲ್ ಗೀಟು.