ಗಾಯ ಮಾಯುವುದೆಂದರೆ

ನಮ್ಮ ಕೇರಿಯ ಹುಡುಗಿಯೊಬ್ಬಳು ತನ್ನ ಕೈಯಾರೆ ತನಗೇ ಗಾಯ ಮಾಡಿಕೊಂಡು, ಆಸ್ಪತ್ರೆಯಿಂದ ಮನೆಗೆ ಬಂದರೆ ನಾವು ಹಣ್ಣಿನ ಚೀಲ ಹಿಡಿದು ನೋಡಲು ಹೋಗುತ್ತೇವೆ. ಕೂತ ಕೂಡಲೇ, 'ಯಾಕಮ್ಮಾ ಹೀಗ್ಮಾಡ್ಕೊಂಡೆ? ಗುನಾಹ್ ಅಲ್ವಾ?' ಎನ್ನುತ್ತೇವೆ. ರೋಗಿಯನ್ನು ಕಾಣಲು ಹೋದವರು ತೀರ್ಪು ಕೊಟ್ಟು ಬರುತ್ತೇವೆ.

ಕಾನೂನು ನಮಗಿಂತ ಮುಂದಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ, ಬೇರೆ ಸಾಬೀತಾಗದ ಹೊರತು, ಭಾವಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಅವರ ಚಿಕಿತ್ಸೆ, ಪುನರ್ವಸತಿಯ ಹೊಣೆಯನ್ನು ಸರ್ಕಾರಕ್ಕೆ ವಹಿಸುತ್ತದೆ. ಗಾಯ ಮಾಡಿಕೊಂಡವರೆಲ್ಲ ಸಾಯಲು ಹೊರಟವರೂ ಅಲ್ಲ. ಒಳಗಿನ ಸಂಕಟ ಹೇಳಲು ಮಾತು ಸಿಗದವರೂ ಇದ್ದಾರೆ.

ಹೊಲಿಗೆಯನ್ನು ಸಾಮಾನ್ಯವಾಗಿ ಎರಡು ವಾರದಲ್ಲಿ ಬಿಚ್ಚುತ್ತಾರೆ. ಕಲೆಯ ಕೆಂಪು ಇಳಿದು ಚರ್ಮ ಮೆತ್ತಗಾಗಲು ವರ್ಷ, ಕೆಲವೊಮ್ಮೆ ಎರಡು ವರ್ಷ ಬೇಕು. ಸ್ಪರ್ಶದ ನರಕ್ಕೆ ಪೆಟ್ಟಾಗಿದ್ದರೆ ಅದು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಬೆರಳು ಮಡಿಸುವುದನ್ನೂ ಹೊಸದಾಗಿ ಕಲಿಯಬೇಕಾದೀತು. ಮನಸ್ಸಿಗೋ ಅಂಥ ಅಳತೆಯೇ ಇಲ್ಲ. ಆರು ತಿಂಗಳು ನೆಮ್ಮದಿಯಾಗಿದ್ದವಳಿಗೆ ಒಂದು ಕೆಟ್ಟ ರಾತ್ರಿ ಬರಬಹುದು. ಅದು ಸೋಲಲ್ಲ, ಮತ್ತೆ ವೈದ್ಯರ ಬಳಿ ಹೋಗಬೇಕಾದ ಹೊತ್ತು, ಅಷ್ಟೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಹಗಲಿರುಳೂ ಉಚಿತವಾಗಿ ಮಾತಾಡುತ್ತಾರೆ.

ಹಾಗಾದರೆ ನಮ್ಮ ಕರ್ತವ್ಯವೇನು? ಅವಳಾಗಿಯೇ ಹೇಳುವವರೆಗೆ ಕಾರಣ ಕೆದಕುವ ಹಕ್ಕು ನಮಗಿಲ್ಲ. ಅವಳು ತೋಳು ಮೇಲೆ ಸರಿಸಿ ಪಾತ್ರೆ ತೊಳೆಯುವಾಗ ನಮ್ಮ ಕಣ್ಣು ಕಲೆಯ ಮೇಲೆ ನಿಲ್ಲದಿರಲಿ. 'ಊಟ ಆಯ್ತಾ? ಆಸ್ಪತ್ರೆಗೆ ಜೊತೆಗೆ ಬರ್ಲಾ?' ಎಂದರೆ ಸಾಕು.

ಮೂರನೇ ದಿನ ನಾವೆಲ್ಲರೂ ಹೋಗುತ್ತೇವೆ. ಮೂರನೇ ವರ್ಷ ಆ ಬಾಗಿಲು ತಟ್ಟುವವರು ನಮ್ಮಲ್ಲಿ ಎಷ್ಟು ಜನ?