ತೋಳಿನ ಮರೆ

ಫಲವಿಲ್ಲವೆಂದು ತಿಳಿದೂ ಮಾಡುವ ಪ್ರತಿಭಟನೆಗೆ ಬೆಲೆಯುಂಟೇ? ಸರ್ವಾಧಿಕಾರವನ್ನು ಚಿತ್ರಿಸುವ ಕಾದಂಬರಿಗಳು ಈ ಪ್ರಶ್ನೆಯನ್ನು ಮತ್ತೆ ಮತ್ತೆ ನಮ್ಮ ಮುಂದಿಡುತ್ತವೆ.

ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ಲನ ‘ನೈನ್‌ಟೀನ್ ಎಯ್ಟಿ ಫೋರ್’ ಪ್ರಕಟವಾದದ್ದು 1949ರಲ್ಲಿ. ಅಲ್ಲಿ ಪ್ರಜೆಗಳ ನಡೆನುಡಿಯ ಮೇಲಷ್ಟೇ ಅಲ್ಲ, ಮುಖಭಾವದ ಮೇಲೂ ಪ್ರಭುತ್ವದ ಕಣ್ಣಿದೆ. ವಿನ್‌ಸ್ಟನ್ ಸ್ಮಿತ್ ಎಂಬ ನೌಕರನು ಗುಟ್ಟಾಗಿ ದಿನಚರಿ ಬರೆಯತೊಡಗುತ್ತಾನೆ. ಸಿಕ್ಕಿಬಿದ್ದರೆ ಮರಣದಂಡನೆ, ಇಲ್ಲವೇ ಕನಿಷ್ಠ 25 ವರ್ಷಗಳ ಶಿಬಿರವಾಸ. ಆ ಬರಹದಿಂದ ಪ್ರಭುತ್ವದ ಕೋಟೆಯ ಒಂದು ಕಲ್ಲೂ ಅಲುಗದು. ಆದರೂ ಅಸತ್ಯಕ್ಕೆ ಅಂತರಂಗದ ಸಮ್ಮತಿಯನ್ನು ಕೊಡೆನೆಂಬ ನಿಶ್ಚಯ ಅದರಲ್ಲಿದೆ.

ಆ ದಿನಚರಿಯಲ್ಲಿ ಅವನು ಮೊದಲು ದಾಖಲಿಸುವುದು ತಾನು ಕಂಡ ಚಲನಚಿತ್ರದ ಒಂದು ದೃಶ್ಯವನ್ನು. ನಿರಾಶ್ರಿತರ ದೋಣಿಯ ಮೇಲೆ ಹೆಲಿಕಾಪ್ಟರಿನ ದಾಳಿ ನಡೆಯುತ್ತಿದೆ. ಒಬ್ಬ ಹೆಂಗಸು ಬೆದರಿದ ಬಾಲಕನನ್ನು ತನ್ನ ತೋಳುಗಳಿಂದ ಮರೆಮಾಡುತ್ತಾಳೆ. ತೋಳು ಗುಂಡನ್ನು ತಡೆಯದು. ಆದರೆ ಫಲವಿಲ್ಲದ ಮಾತ್ರಕ್ಕೆ ಆ ಪ್ರೀತಿ ವ್ಯರ್ಥವಲ್ಲವೆಂಬುದು ವಿನ್‌ಸ್ಟನ್ನನಿಗೆ ಮುಂದೆ ಹೊಳೆಯುತ್ತದೆ.

ಹೀಗೆ ಅರಿತವನೇ ಎಡವುತ್ತಾನೆ. ಗುಪ್ತ ಸಂಘಟನೆಯನ್ನು ಸೇರಬಯಸಿ ಓಬ್ರಿಯನ್ ಎಂಬಾತನ ಬಳಿಗೆ ಹೋದಾಗ, ಅಗತ್ಯವಾದರೆ ಮಗುವಿನ ಮುಖಕ್ಕೆ ಆಮ್ಲವನ್ನು ಎರಚಲು ಸಿದ್ಧನೇ ಎಂಬ ಪ್ರಶ್ನೆ ಬರುತ್ತದೆ. ಅವನು ಹೌದೆನ್ನುತ್ತಾನೆ. ಓಬ್ರಿಯನ್ ಪ್ರಭುತ್ವದವನೇ ಆಗಿದ್ದನು. ನಿಮಗಿಂತ ತಾನು ಧರ್ಮದಲ್ಲಿ ಮೇಲೆಂದು ವಿನ್‌ಸ್ಟನ್ ಸೆರೆಯಲ್ಲಿ ಹೇಳಿದಾಗ, ಮುದ್ರಿಸಿಟ್ಟಿದ್ದ ಆ ಮಾತನ್ನೇ ಅವನಿಗೆ ಕೇಳಿಸುತ್ತಾನೆ. ಉತ್ತರ ಕೊಡಲು ಅವನಲ್ಲಿ ಏನೂ ಉಳಿದಿರುವುದಿಲ್ಲ.

ಅಮೆರಿಕದ ಸುಜಾನ್ ಕಾಲಿನ್ಸ್ 2008ರಲ್ಲಿ ಪ್ರಕಟಿಸಿದ ‘ದಿ ಹಂಗರ್ ಗೇಮ್ಸ್’ ಕಾದಂಬರಿಯಲ್ಲಿ ಇನ್ನೊಂದು ಸಂಕೇತವಿದೆ. ತಂಗಿಯ ಬದಲಿಗೆ ತಾನೇ ಮೃತ್ಯುಕ್ರೀಡೆಗೆ ಹೊರಟ ಹುಡುಗಿಗೆ ಚಪ್ಪಾಳೆ ತಟ್ಟಬೇಕಾದ ಜನಸ್ತೋಮ ಮೌನವಾಗಿ ನಿಂತು ಮೂರು ಬೆರಳುಗಳನ್ನು ಎತ್ತುತ್ತದೆ. ಅದು ಕೃತಜ್ಞತೆ, ಮೆಚ್ಚುಗೆ, ಪ್ರಿಯರಿಗೆ ಹೇಳುವ ವಿದಾಯ. ಥಾಯ್ಲೆಂಡಿನಲ್ಲಿ 2014ರ ಸೈನಿಕ ಕ್ರಾಂತಿಯ ಬಳಿಕ ಜನರು ಇದೇ ಬೆರಳುಗಳನ್ನು ಎತ್ತಿ ಬಂಧನಕ್ಕೊಳಗಾದರು. 2021ರಲ್ಲಿ ಮ್ಯಾನ್ಮಾರಿನ ಜನರೂ ಅದನ್ನೇ ಎತ್ತಿದರು. ಯಾರನ್ನೂ ನೋಯಿಸದ ಕೈಸನ್ನೆಯೂ ಆಳುವವರಿಗೆ ಸಹ್ಯವಾಗಲಿಲ್ಲ.

ಗೆಲುವು ನಮ್ಮ ಕೈಯಲ್ಲಿಲ್ಲ. ಸಾಧನವು ನಮ್ಮ ಕೈಯಲ್ಲಿದೆ. ಅನ್ಯಾಯವನ್ನು ವಿರೋಧಿಸಲು ಹೊರಟವನು ಮೊದಲು ತನ್ನನ್ನೇ ಕೇಳಿಕೊಳ್ಳಬೇಕು: ಚಾಚಿದ ನನ್ನ ತೋಳು ಮಗುವಿಗೆ ಮರೆಯಾಗಿದೆಯೇ, ಇಲ್ಲವೇ ಅದರ ಮುಖದತ್ತ ಎತ್ತಿದೆಯೇ?