ನ್ಯಾಯಾಲಯ ಬಿಟ್ಟಿತು, ನಾವು?

ನಿಮ್ಮ ಮೊಹಲ್ಲಾದ 19ರ ಹುಡುಗನೊಬ್ಬ ಅಂಗಡಿಯ ಗಲ್ಲಾಪೆಟ್ಟಿಗೆಗೆ ಕೈಹಾಕಿ ಸಿಕ್ಕಿಬಿದ್ದನೆಂದು ಭಾವಿಸಿರಿ. ನ್ಯಾಯಾಧೀಶರು ಅವನನ್ನು ಸೆರೆಮನೆಗೆ ಕಳುಹಿಸಲಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಂತೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಪರಿವೀಕ್ಷಣಾಧಿಕಾರಿಯೊಬ್ಬರ ಮೇಲ್ವಿಚಾರಣೆಯಲ್ಲಿ ಮನೆಗೆ ಬಿಟ್ಟರು. 21 ತುಂಬದವನನ್ನು ಇಂತಹ ಅಪರಾಧಕ್ಕೆ ಜೈಲಿಗೆ ಹಾಕಬೇಕಾದರೆ ನ್ಯಾಯಾಲಯವೇ ಕಾರಣ ಬರೆದಿಡಬೇಕು. ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ 3 ವರ್ಷ.

ಹುಡುಗ ಮನೆಗೆ ಬಂದ. ಗ್ಯಾರೇಜೊಂದರಲ್ಲಿ ಕೆಲಸ ಸಿಕ್ಕಿತೆನ್ನಿ. ಅಧಿಕಾರಿಯ ಮುಂದೆ ಹಾಜರಾಗುವ ದಿನ ರಜೆ ಕೇಳಬೇಕು. ಕಾರಣ ಹೇಳಿದರೆ ಕೆಲಸ ಹೋದೀತು. ಮುಚ್ಚಿಟ್ಟರೆ ಸುಳ್ಳು ಹೇಳಿದಂತಾದೀತು. ಮಸೀದಿಯ ಬಾಗಿಲಲ್ಲಿ ಯಾರದೋ ಚಪ್ಪಲಿ ಕಾಣೆಯಾದರೆ ಎಲ್ಲರ ಕಣ್ಣೂ ಅವನ ಮೇಲೆ. ಆದರದಿಂದ ಕರೆದು ಕೂರಿಸಿಕೊಳ್ಳುವವರು ಹಳೆಯ ಗೆಳೆಯರು ಮಾತ್ರ, ಅವನನ್ನು ಕೆಡಿಸಿದವರೇ!

ಹೀಗೆ ಬಿಡುಗಡೆಯಾದವನಿಗೆ ಅಪರಾಧಿಯೆಂಬ ತೀರ್ಪಿನಿಂದ ಬರುವ ಅನರ್ಹತೆ ತಟ್ಟಬಾರದೆಂದು ಅದೇ ಕಾಯ್ದೆ ಹೇಳುತ್ತದೆ. 18 ತುಂಬದವರಾದರೆ ಅವರ ಹೆಸರನ್ನು ಪತ್ರಿಕೆಗಳು ಪ್ರಕಟಿಸುವುದನ್ನೇ 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸಿದೆ. ಓಣಿಯ ನಾಲಗೆಯನ್ನು ಯಾವ ಕಾಯ್ದೆ ಕಟ್ಟೀತು?

ಪ್ರವಾದಿ(ಸ)ಯವರ ಕಾಲದಲ್ಲಿ ಮದ್ಯ ಸೇವಿಸಿದವನೊಬ್ಬನಿಗೆ ಶಿಕ್ಷೆಯಾಯಿತು. ಬಳಿಕ ಯಾರೋ ಅವನನ್ನು ಶಪಿಸಿದರು. ಪ್ರವಾದಿ(ಸ)ಯವರು ತಡೆದರು, ಅದು ಶೈತಾನನಿಗೆ ನೆರವಾಗುವ ಮಾತೆಂದರು. ಬುಖಾರಿಯಲ್ಲಿರುವ ಈ ಘಟನೆಯನ್ನು ಗಮನಿಸಿರಿ. ಶಿಕ್ಷೆಯನ್ನು ಅವರು ತಡೆಯಲಿಲ್ಲ. ಶಿಕ್ಷೆ ಮುಗಿದ ಮೇಲೆ ಜನರು ತಾವೇ ಆರಂಭಿಸಿದ ಇನ್ನೊಂದು ಶಿಕ್ಷೆಯನ್ನು ತಡೆದರು. ನ್ಯಾಯಾಲಯದ ಶಿಕ್ಷೆಗೆ ಅವಧಿಯಿದೆ. ನಮ್ಮದಕ್ಕೆ?

ಹಾಗಾದರೆ ಹಣ ಕಳೆದುಕೊಂಡ ಅಂಗಡಿಯವನ ಗತಿಯೇನೆಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಷ್ಟ ತುಂಬಿಕೊಡುವಂತೆ ನ್ಯಾಯಾಲಯ ಆಜ್ಞಾಪಿಸಬಹುದು. ತೌಬಾ ಕೂಡ ಕದ್ದುದನ್ನು ಮರಳಿಸದೆ ಪೂರ್ಣವಾಗದು. ನಾಳೆಯೇ ಗಲ್ಲಾದ ಕೀಲಿಯನ್ನು ಅವನ ಕೈಗೆ ಕೊಡಿರೆಂದು ನಾನು ಹೇಳುವುದಿಲ್ಲ. ಆದರೆ ಸಂಪಾದನೆಯ ದಾರಿಯನ್ನೇ ಮುಚ್ಚಿ, ಸಾಲ ತೀರಿಸೆಂದರೆ ಅವನು ಎಲ್ಲಿಂದ ತರಬೇಕು?

ಈ ಪದ್ಧತಿಯ ಮೂಲವೂ ಒಬ್ಬ ಸಾಮಾನ್ಯ ಕಸುಬುದಾರನೇ. 1841ರಲ್ಲಿ ಅಮೆರಿಕದ ಬೋಸ್ಟನ್‌ನ ಪಾದರಕ್ಷೆ ತಯಾರಕ ಜಾನ್ ಅಗಸ್ಟಸ್, ನ್ಯಾಯಾಲಯದಲ್ಲಿ ಅಪರಿಚಿತ ಕುಡುಕನೊಬ್ಬನಿಗೆ ಜಾಮೀನು ನಿಂತನು. ಮೂರು ವಾರಗಳಲ್ಲಿ ಆ ಮನುಷ್ಯ ಬದಲಾಗಿದ್ದ. ಮುಂದೆ ಕಳ್ಳತನದ ಆರೋಪ ಹೊತ್ತ ಮಕ್ಕಳಿಗೂ ಅಗಸ್ಟಸ್ ಜಾಮೀನಾದ. ತಾನು ಬಿಡಿಸಿ ತಂದವರಿಗೆ ಕೆಲಸ ಹುಡುಕಲು ಅಲೆದ.

ನಿಮ್ಮ ಜಮಾಅತ್‌ನಲ್ಲೂ ಬೇಕರಿ, ಗ್ಯಾರೇಜು, ಹೊಲಿಗೆ ಅಂಗಡಿ ಇಟ್ಟವರಿದ್ದಾರೆ. ಆ ಹುಡುಗನನ್ನು ಕೆಲಸಕ್ಕಿಟ್ಟುಕೊಂಡು, ಅಧಿಕಾರಿಯ ಬಳಿ ಹೋಗುವ ದಿನ ಸಂಬಳ ಕಡಿಯದೆ ಕಳುಹಿಸುವವರು ಅವರಲ್ಲಿ ಎಷ್ಟು ಮಂದಿ?